ಮಾರುವ ಅಂಗಡಿ ಕಾಯುವ ಅಂಗಡಿಯಾದದ್ದು: ಶಿವಮೊಗ್ಗದ ಒಂದು ಕೋವಿ ಅಂಗಡಿಯ ಪ್ರಕರಣ

ಅಡಿಕೆ ಮಂಡಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ತೋಟದವರು ಸಂಜೆಯ ಬಸ್ಸು ಹಿಡಿಯುವ ಮೊದಲು ಹೊಕ್ಕು ಬರುತ್ತಿದ್ದ ನಾಲ್ಕಾರು ಅಂಗಡಿಗಳಲ್ಲಿ ಶಿವಮೊಗ್ಗದ ಈ ಕೋವಿ ಅಂಗಡಿಯೂ ಒಂದು. ಸೀರೆ, ತಾಮ್ರದ ಹಂಡೆ, ಕೆಮ್ಮಿನ ಔಷಧಿ, ಒಂದು ಪೆಟ್ಟಿಗೆ ತೋಟಾ (ಕೋವಿಯ ಕಾಡತೂಸು) ಇವೆಲ್ಲ ಒಂದೇ ಚೀಟಿಯಲ್ಲಿ ಬರೆದುಕೊಂಡು ಬರುವ ಸಾಮಾನುಗಳಾಗಿದ್ದ ಕಾಲವೊಂದಿತ್ತು. ಅಂಗಡಿ ಈಗಲೂ ಇದೆ. ಅಂಗಡಿಯ ಹೆಸರನ್ನೂ ಬೀದಿಯನ್ನೂ ಮಾಲೀಕರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಗಿರಾಕಿಗಳು ಕರೆಯುವಂತೆ ಅವರನ್ನು ರಾಯರು ಎಂದಷ್ಟೇ ಕರೆಯುತ್ತೇನೆ.

ನಾನು ಮೊದಲ ಸಲ ಹೋದಾಗ ಗಲ್ಲಾಪೆಟ್ಟಿಗೆಯ ಹಿಂದಿನ ಕಬ್ಬಿಣದ ಜಾಲರಿಯೊಳಗೆ ಕೋವಿಗಳು ಒತ್ತೊತ್ತಾಗಿ ನಿಂತಿದ್ದವು. ವ್ಯಾಪಾರ ಬಿದ್ದುಹೋಗಿದೆ ಎಂದು ಕೇಳಿ ಬಂದವನಿಗೆ ಇಷ್ಟು ತುಂಬಿದ ಜಾಲರಿ ನೋಡಿ ಗೊಂದಲವಾಯಿತು. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದರ ಟ್ರಿಗರಿನ ಸುತ್ತಲಿನ ಬಳೆಗೂ ಸೆಣಬಿನ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಹೆಸರು, ಊರು, ಪರವಾನಗಿ ಸಂಖ್ಯೆ, ಇಟ್ಟ ತಾರೀಕು. ರಾಯರು ನನ್ನ ಮುಖ ನೋಡಿ, "ಇದ್ರಲ್ಲಿ ಮಾರೋದು ಅಂತ ಇರೋದು ಎರಡೇ. ಉಳಿದಿದ್ದೆಲ್ಲ ಬೇರೆಯವರ ಮನೇದು. ನಾನು ಬರೀ ಕಾಯ್ತಾ ಕೂತಿದೀನಿ" ಎಂದರು. ಈ ಪ್ರಕರಣದ ಸ್ವರೂಪ ಆ ಮಾತಿನಲ್ಲಿದೆ. ಸಣ್ಣ ಕೋವಿ ಅಂಗಡಿಗಳು ಗಿರಾಕಿಯಿಲ್ಲದೆ ಸಾಯುತ್ತಿವೆ ಎನ್ನುವುದು ಅರ್ಧ ಸತ್ಯ ಮಾತ್ರ. ಈ ಅಂಗಡಿಗೆ ಬರುವವರು ನಿಂತಿಲ್ಲ, ಬರುವ ಕಾರಣ ಬದಲಾಗಿದೆ. ಆ ಹೊಸ ಕಾರಣದಿಂದ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ.

ಅಂಗಡಿಯನ್ನು ಆರಂಭಿಸಿದವರು ರಾಯರ ತಂದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದಾದ ಮೊದಲ ವರ್ಷಗಳಲ್ಲೇ ಅವರು ಮಾರಾಟ ಮತ್ತು ದುರಸ್ತಿಯ ಪರವಾನಗಿ ಪಡೆದರು. ಆ ಕಾಯ್ದೆಯ 13ನೇ ಕಲಮು ಮಲೆನಾಡಿನ ರೈತನಿಗೆ ಅನುಕೂಲವಾಗಿಯೇ ಇತ್ತು. 14ನೇ ಕಲಮಿನಲ್ಲಿ ಹೇಳಿದ ಅಡ್ಡಿಗಳಿಲ್ಲದಿದ್ದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳುವವನಿಗೆ, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳುವವನಿಗೆ ಪರವಾನಗಿ ಕೊಡಬೇಕು ಎಂದು ಅದು ಹೇಳುತ್ತದೆ. ಹಾಗಾಗಿ ಅಂಗಡಿಯಲ್ಲಿ ಎರಡು ಬಗೆಯ ಗಿರಾಕಿಗಳಿದ್ದರು. ಗದ್ದೆ ಕಾಯುವ ಸಣ್ಣ ಹಿಡುವಳಿದಾರರು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ಕೇಪಿನ ಕೋವಿಯನ್ನು ಒಯ್ಯುತ್ತಿದ್ದರು. ಅವರಿಗೆ ಬೇಕಾದದ್ದು ಕರಿಮದ್ದು, ಅದಕ್ಕೆ ಕಿಡಿ ಹಚ್ಚುವ ಕೇಪು, ಚರೆ ಎಂಬ ಸೀಸದ ಸಣ್ಣ ಗುಂಡು. ಅಡಿಕೆ ತೋಟದವರು, ಕಾಫಿಯವರು ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ 12 ಬೋರಿನ ತೋಟಾ ಕೋವಿ ಕೊಳ್ಳುತ್ತಿದ್ದರು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವಾಗುತ್ತದೋ ನಳಿಗೆಯ ಒಳಗು ಅಷ್ಟು ಎಂಬುದೇ 12 ಬೋರಿನ ಅರ್ಥವೆಂದು ತಂದೆಯವರು ಪ್ರತಿ ಹೊಸ ಗಿರಾಕಿಗೂ ಹೇಳುತ್ತಿದ್ದರಂತೆ. ಗಿರಾಕಿಗೆ ಅದು ಬೇಕಿತ್ತೋ ಇಲ್ಲವೋ, ಅವರಿಗಂತೂ ಹೇಳದಿದ್ದರೆ ವ್ಯಾಪಾರ ಕುದುರಿದಂತೆ ಆಗುತ್ತಿರಲಿಲ್ಲ.

ಮಾಲು ಬರುತ್ತಿದ್ದ ದಾರಿಗಳೂ ಒಂದೊಂದಾಗಿ ಕಿರಿದಾದವು. ಇಂಗ್ಲೆಂಡಿನ, ಬೆಲ್ಜಿಯಂನ ಕೋವಿಗಳನ್ನು ವ್ಯಾಪಾರಿಗಳು ತರಿಸುವುದು 1980ರ ದಶಕದ ನಡುವಿನ ಹೊತ್ತಿಗೆ ನಿಂತಿತು. ಆಮೇಲೆ ಉಳಿದದ್ದು ಬಿಹಾರದ ಮುಂಗೇರಿನ ಕೋವಿಗಳು ಮತ್ತು ಸರ್ಕಾರಿ ಕಾರ್ಖಾನೆಯವು. ತೋಟಾ ಪುಣೆ ಬಳಿಯ ಖಡಕಿಯ ಕಾರ್ಖಾನೆಯಿಂದ ಬರುತ್ತಿತ್ತು. ಕರಿಮದ್ದಿನ ವಿಷಯ ಬೇರೆ: ಅದು ಸ್ಫೋಟಕ ಕಾಯ್ದೆಯ ಅಡಿಯಲ್ಲಿ ಬರುವುದರಿಂದ ಅದಕ್ಕೆ ಪ್ರತ್ಯೇಕ ಪರವಾನಗಿ, ಪ್ರತ್ಯೇಕ ಗೋದಾಮು, ಪ್ರತ್ಯೇಕ ಲೆಕ್ಕ ಬೇಕು. 2008ರ ಸ್ಫೋಟಕ ನಿಯಮಗಳು ಬಂದ ಮೇಲೆ ರಾಯರು ಮದ್ದಿನ ವ್ಯಾಪಾರವನ್ನೇ ಕೈಬಿಟ್ಟರು. ಮದ್ದು ಸಿಗದ ಮೇಲೆ ಕೇಪಿನ ಕೋವಿಯವರು ಬರಲು ಕಾರಣವೇ ಇರಲಿಲ್ಲ. ಅಂಗಡಿಯ ಬಡ ಗಿರಾಕಿಗಳು ಹೀಗೆ ಸದ್ದಿಲ್ಲದೆ ಮೊದಲು ಕಳೆದುಹೋದರು.

ಮಳೆಗಾಲದ ಮಾತನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ಅಂಗಡಿಗೆ ಗಿರಾಕಿಯೊಡನೆ ಇದ್ದ ಸಂಬಂಧ ಎಂಥದೆಂಬುದು ಅದರಿಂದ ತಿಳಿಯುತ್ತದೆ. ಹಿಂದೆ ತೋಟಾಗಳ ಮೈ ಕಾಗದದ್ದಾಗಿತ್ತು. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಮಳೆಯಲ್ಲಿ ಅದು ಥಂಡಿ ಹೀರಿ ಊದಿಕೊಳ್ಳುತ್ತಿತ್ತು. ಊದಿದ ತೋಟಾ ನಳಿಗೆಯೊಳಗೆ ಇಳಿಯುತ್ತಿರಲಿಲ್ಲ, ಒತ್ತಿ ಇಳಿಸಿದರೆ ಹೊಡೆದ ಮೇಲೆ ಹೊರಗೆ ಬರುತ್ತಿರಲಿಲ್ಲ. ಕೋವಿಯನ್ನು ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದ ಮನೆಗಳಲ್ಲಿ ತೋಟಾವನ್ನೂ ಅಲ್ಲೇ ಇಟ್ಟು ರಾಯರ ತಂದೆಯಿಂದ ಬೈಸಿಕೊಂಡವರಿದ್ದಾರೆ. ಶ್ರಾವಣ ಕಳೆದ ಮೇಲೆ ಉಳಿದ ತೋಟಾಗಳನ್ನು ಅವಲಕ್ಕಿ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲೆ ಸುರಿಯುವುದು, ಅವರು ಒಂದು ತುಂಡು ನಳಿಗೆಯಲ್ಲಿ ಒಂದೊಂದನ್ನೇ ಇಳಿಬಿಟ್ಟು ನೋಡಿ, ತಾನಾಗಿ ಜಾರಿ ಕೂತದ್ದನ್ನು ಒಂದು ಕಡೆ, ಅರ್ಧಕ್ಕೆ ನಿಂತದ್ದನ್ನು ಇನ್ನೊಂದು ಕಡೆ ಇಡುವುದು ವರ್ಷಕ್ಕೊಮ್ಮೆಯ ಕೆಲಸವಾಗಿತ್ತು. ಇದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಹೋಗುವಾಗ ಗಿರಾಕಿ ಹೊಸ ಪೆಟ್ಟಿಗೆ ಒಯ್ಯುತ್ತಿದ್ದ. ಪ್ಲಾಸ್ಟಿಕ್ ಮೈಯ ತೋಟಾ ಬಂದು ಊದುವ ತೊಂದರೆ ತಪ್ಪಿತು, ವರ್ಷಕ್ಕೊಮ್ಮೆಯ ಆ ಭೇಟಿಯೂ ತಪ್ಪಿತು.

ಶಿಕಾರಿಯ ಬಗ್ಗೆ ರಾಯರು ಹೆಚ್ಚು ಮಾತಾಡುವುದಿಲ್ಲ, ನಾನೂ ಕೆದಕಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಯಾದ ಕಟ್ಟಳೆಗೆ ಒಳಪಡಿಸಿತು, 1991ರ ತಿದ್ದುಪಡಿ ಬೇಟೆಗೆ ಪರವಾನಗಿ ಎಂಬುದನ್ನೇ ತೆಗೆದುಹಾಕಿತು. ಅಲ್ಲಿಂದೀಚೆಗೆ ಮಲೆನಾಡಿನ ಕೋವಿ ಕಾಗದದ ಮೇಲೆ ಒಂದು ವಿಚಿತ್ರ ವಸ್ತುವಾಗಿದೆ. ಅದನ್ನು ಬೆಳೆ ರಕ್ಷಣೆಗೆಂದು ಕೊಡಲಾಗಿದೆ, ಆದರೆ ಬೆಳೆ ತಿನ್ನಲು ಬರುವ ಯಾವ ಪ್ರಾಣಿಗೂ ಅಧಿಕಾರಿಯ ಅಪ್ಪಣೆಯಿಲ್ಲದೆ ಗುರಿಯಿಡುವಂತಿಲ್ಲ. ಕಾಡುಹಂದಿ, ಕಾಟಿ, ಮಂಗ ಎಲ್ಲವೂ ಕಾಯ್ದೆಯ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯಲ್ಲಿ ನಮ್ಮ ತೋಟದ ಮಂಗ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಗೇ ಏರಿತು. ಅಲ್ಲಿಗೆ ಕೋವಿಗೆ ಉಳಿದದ್ದು ಆಕಾಶಕ್ಕೆ ಹಾರಿಸುವ ಈಡು, ಅಂದರೆ ಸದ್ದು. ಮರಸು ಕೂರುವವನಿಗೆ, ಅಂದರೆ ಮರೆಯಲ್ಲಿ ಕೂತು ಬೇಟೆಗೆ ಕಾಯುವವನಿಗೆ, ಎಲ್‌ಜಿಯೋ ಎಸ್‌ಜಿಯೋ, ದೊಡ್ಡ ಚರೆಯೋ ಸಣ್ಣದೋ ಎಂಬುದು ಜೀವನ್ಮರಣದ ಪ್ರಶ್ನೆ. ಸದ್ದು ಮಾಡುವವನಿಗೆ ಇದ್ದುದರಲ್ಲಿ ಅಗ್ಗದ್ದು ಸಾಕು, ತಿಂಗಳಿಗೆ ನಾಲ್ಕು ಸಾಕು. ಬೇಟೆ ನಿಂತದ್ದನ್ನು ನಾನು ನಷ್ಟವೆಂದು ಎಣಿಸುವವನಲ್ಲ. ಆದರೆ ಅಂಗಡಿಯ ಪುಸ್ತಕದಲ್ಲಿ ಅದು ಕಾಣುವ ಬಗೆ ಇದು.

ಇದೆಲ್ಲ ನಿಧಾನವಾಗಿ ನಡೆದದ್ದು. ಅಂಗಡಿಯ ಚಹರೆಯನ್ನು ಬದಲಿಸಿದ್ದು 2018ರಿಂದ 2020ರವರೆಗಿನ ಅವಧಿ. ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿ ಇರುವ ಕೋವಿಗಳನ್ನು ಠೇವಣಿ ಇಡುವಂತೆ ಸೂಚನೆ ಬರುವುದು ಮಲೆನಾಡಿಗೆ ಹೊಸದಲ್ಲ. ಶಿವಮೊಗ್ಗ ಜಿಲ್ಲೆಗೆ 2018-19ರ ಒಂದು ವರ್ಷದಲ್ಲಿ ಅದು ಮೂರು ಸಲ ಬಂತು. 2018ರ ಮೇ 12ಕ್ಕೆ ವಿಧಾನಸಭೆಯ ಮತದಾನ; ಅದೇ ವರ್ಷ ನವೆಂಬರ್ 3ಕ್ಕೆ ಶಿವಮೊಗ್ಗ ಲೋಕಸಭಾ ಕ್ಷೇತ್ರದ ಉಪಚುನಾವಣೆ; 2019ರ ಏಪ್ರಿಲ್ 23ಕ್ಕೆ ಲೋಕಸಭೆಯ ಮತದಾನ, ಫಲಿತಾಂಶ ಮೇ 23ಕ್ಕೆ. ತೋಟದ ಪಂಚಾಂಗದೊಡನೆ ಇದನ್ನು ಹೊಂದಿಸಿ ನೋಡಿದರೆ ರೈತರ ಸಿಟ್ಟು ಅರ್ಥವಾಗುತ್ತದೆ. ಮಾರ್ಚಿನಿಂದ ಮೇ ತನಕ ಕಾಡಿನಲ್ಲಿ ಹಣ್ಣೂ ನೀರೂ ಕಡಿಮೆಯಾಗಿ ಮಂಗಗಳು ಬಾಳೆ, ಎಳನೀರಿಗೆ ಇಳಿಯುತ್ತವೆ. ಅಕ್ಟೋಬರ್-ನವೆಂಬರಿನಲ್ಲಿ ಭತ್ತ ತೆನೆ ತುಂಬಿ ನಿಂತಾಗ ಹಂದಿಯ ಕಾಟ. ಕೋವಿ ಬೇಕಾದ ಕಾಲಕ್ಕೇ ಕೋವಿ ಪೇಟೆಯಲ್ಲಿ. ಯಾರ ಕೋವಿ ಇರಿಸಿಕೊಳ್ಳಬೇಕು, ಯಾರದನ್ನು ಬಿಡಬಹುದು ಎಂದು ತೀರ್ಮಾನಿಸಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದಾದರೂ, ಠಾಣೆಯಿಂದ ಫೋನ್ ಬಂದ ಮೇಲೆ ಸಮಿತಿಗೆ ಅರ್ಜಿ ಹಾಕಿಕೊಂಡು ಕೂರುವ ರೈತರು ವಿರಳ.

ಠೇವಣಿಯನ್ನು ಠಾಣೆಯಲ್ಲೇ ಇಡಬೇಕೆಂದಿಲ್ಲ, ಪರವಾನಗಿ ಇರುವ ವ್ಯಾಪಾರಿಯ ಬಳಿ ಇಟ್ಟು ರಸೀತಿ ತೋರಿಸಬಹುದು. ಠಾಣೆಯಲ್ಲಿ ಕೋವಿಗಳು ಒಂದರ ಮೇಲೊಂದು ಬಿದ್ದು ಹಿಡಿ ಗೀರುತ್ತದೆ, ನಳಿಗೆಗೆ ತುಕ್ಕು ಬರುತ್ತದೆ ಎಂಬ ಅಳುಕಿನಿಂದ ಅನೇಕರು ರಾಯರ ಅಂಗಡಿಗೇ ತಂದರು. ಮೊದಲ ಸಲ ರಾಯರಿಗೆ ಇದು ಹಬ್ಬದಂತಿತ್ತು. ಮೂರನೆಯ ಸಲ ಕೆಲವರು ಫಲಿತಾಂಶ ಬಂದ ಮೇಲೂ ಒಯ್ಯಲು ಬರಲಿಲ್ಲ. "ಇರ್ಲಿ ಬಿಡಿ ರಾಯ್ರೇ, ಮತ್ತೆ ತಂದು ಮತ್ತೆ ಒಯ್ಯೋದು ಯಾರು" ಎಂದು ಹೊಸನಗರದ ಕಡೆಯ ಗೌಡರೊಬ್ಬರು ಫೋನಿನಲ್ಲಿ ಹೇಳಿದ್ದನ್ನು ರಾಯರು ಇವತ್ತಿಗೂ ನೆನೆಯುತ್ತಾರೆ. ಅವರ ಕೋವಿ ಜಾಲರಿಯಲ್ಲಿ ಎಡದಿಂದ ನಾಲ್ಕನೆಯದು.

ಆ ಬಳಿಕ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂತು. ಒಬ್ಬ ವ್ಯಕ್ತಿ ಇರಿಸಿಕೊಳ್ಳಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಮಲೆನಾಡಿನ ದೊಡ್ಡ ಮನೆಗಳಲ್ಲಿ ಅಜ್ಜನ ಕಾಲದ್ದೊಂದು, ತಂದೆ ಕೊಂಡದ್ದೊಂದು, ತಾನು ಕೊಂಡದ್ದೊಂದು ಎಂದು ಮೂರು ಇರುವುದು ಅಪರೂಪವಲ್ಲ. ಮೂರರಲ್ಲಿ ಯಾವುದನ್ನು ಬಿಡುವುದೆಂಬ ಪ್ರಶ್ನೆ ಬಂದಾಗ ಜನ ಅಜ್ಜನದನ್ನೇ ಬಿಟ್ಟರು, ಏಕೆಂದರೆ ಅದು ಹೊಡೆಯುವುದಿಲ್ಲ. ಹೀಗೆ ಬಂದ ಹಳೆಯ ಕೋವಿಗಳಿಗೆ ಕೊಳ್ಳುವವರಿಲ್ಲ: ಹೊಸ ಪರವಾನಗಿಗಳು ಬೆರಳೆಣಿಕೆಯಷ್ಟು, ಸಿಕ್ಕವರಿಗೂ ಬೇಕಾದದ್ದು ಹಳೆಯ ಉದ್ದ ಕೋವಿಯಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿದಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತರಬೇಕು. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಸಂಖ್ಯೆ ಇರಬೇಕು. ಇವು ತಪ್ಪೆಂದು ನಾನು ಹೇಳುವುದಿಲ್ಲ. ಕೋವಿ ಯಾರ ಕೈಯಲ್ಲಿದೆ ಎಂಬುದು ಸರ್ಕಾರಕ್ಕೆ ಗೊತ್ತಿರಬೇಕು. ಯಾರೂ ಗಮನಿಸದ ಇನ್ನೊಂದು ಪರಿಣಾಮವನ್ನು ರಾಯರು ತೋರಿಸಿಕೊಟ್ಟರು. ಅದೇ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಹೆಚ್ಚಿಸಿತು. ಗಿರಾಕಿಗೆ ಅದು ಉಪಕಾರ. ಆದರೆ ನವೀಕರಣಕ್ಕೆ ಬಂದವನು ಅರ್ಜಿ ತುಂಬಿಸಿಕೊಳ್ಳುತ್ತಿದ್ದ, ಕೋವಿ ತೋರಿಸುತ್ತಿದ್ದ, ಎಣ್ಣೆ, ಕುಂಚ, ಒಂದಿಷ್ಟು ತೋಟಾ ಒಯ್ಯುತ್ತಿದ್ದ. ಆ ಭೇಟಿ ಈಗ ಐದು ವರ್ಷಕ್ಕೊಮ್ಮೆ.

ಹೊಸ ಪರವಾನಗಿ ಪಡೆಯುವವರಲ್ಲಿ ಗುತ್ತಿಗೆದಾರರು, ನಿವೇಶನ ವ್ಯವಹಾರದವರು ಇದ್ದಾರೆ. ಅವರು ಕೇಳುವುದು ಕಾನ್ಪುರದ .32 ರಿವಾಲ್ವರನ್ನು. ಅದನ್ನು ಕಾರ್ಖಾನೆಯಿಂದಲೋ ಬೆಂಗಳೂರಿನಿಂದಲೋ ನೇರವಾಗಿ ತರಿಸಿಕೊಳ್ಳುತ್ತಾರೆ, ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಜಾಲರಿಯೊಳಗಿನ ಒಂದು ಕೋವಿಯನ್ನು ರಾಯರು ನನಗಾಗಿ ಹೊರತೆಗೆದರು. ಬೆಲ್ಜಿಯಂನ ಜೋಡಿ ನಳಿಗೆಯದು, ಹೊರಗೆ ಎರಡು ಕುದುರೆಗಳಿರುವ (ಬಡಿಯುವ ಸುತ್ತಿಗೆಗಳಿರುವ) ಹಳೆಯ ಮಾದರಿ. ನಳಿಗೆಯ ಬುಡದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಲೀಜ್ ಊರಿನ ಪರೀಕ್ಷಾ ಮುದ್ರೆಯ ಮೂರು ಅಕ್ಷರ, ಇಎಲ್‌ಜಿ, ಸವೆದು ಕಾಣುತ್ತಿತ್ತು. ಹಿಡಿಯ ಬಿರುಕಿಗೆ ಯಾವ ಕಾಲದಲ್ಲೋ ಹಿತ್ತಾಳೆ ತಂತಿ ಸುತ್ತಿದ್ದರು. ರಾಯರು ನಳಿಗೆಯನ್ನು ಕಳಚಿ ಬಾಗಿಲ ಬೆಳಕಿಗೆ ಹಿಡಿದು ನನಗೆ ಒಳಗೆ ನೋಡಲು ಹೇಳಿದರು. ಬೆಳಕಿನ ಬಳೆಗಳು ಒಂದರೊಳಗೊಂದು ಸರಿದು ಹೋಗುವಂತೆ ಕಂಡವು. ನಡುವೆ ಎರಡು ಕಡೆ ಮಾತ್ರ ಎಳ್ಳಿನಷ್ಟು ಕಪ್ಪು. ಆಮೇಲೆ ಅವರು ನಳಿಗೆಯ ಕೊಕ್ಕೆಯನ್ನು ಬೆರಳಿಗೆ ಸಿಕ್ಕಿಸಿ ತೂಗಿಬಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರು. ದೇವರ ಮನೆಯ ಗಂಟೆಯಂತೆ ಉದ್ದಕ್ಕೆ ನಾದ ಎಳೆಯಿತು. ಎರಡು ನಳಿಗೆಗಳ ನಡುವಿನ ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು ಬರುತ್ತದಂತೆ. "ನೂರು ವರ್ಷದ ಬೆಸುಗೆ, ಇನ್ನೂ ಗಟ್ಟಿ ಇದೆ. ಮನೆಯೋರ ಬೆಸುಗೆ ಮಾತ್ರ ಬಿಟ್ಟೋಗಿದೆ" ಎಂದರು.

ಕೋವಿಯ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿರುವ ಹಿರಿಯ ಮಗ ಅದನ್ನು ಇಲ್ಲಿ ತಂದಿಟ್ಟ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ಪರವಾನಗಿದಾರ ಸತ್ತ ಮೇಲೆ ಕೋವಿ ಮನೆಯಲ್ಲಿರುವಂತಿಲ್ಲ, ತಡಮಾಡದೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೇಳಬಹುದು, ಅದಕ್ಕೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಇಬ್ಬರು ತಮ್ಮಂದಿರಲ್ಲಿ ಮೈಸೂರಿನವರು ಸಹಿ ಹಾಕಿದರು. ಬೆಂಗಳೂರಿನವರು ತೋಟದ ಹಿಸ್ಸೆಯಾಗದೆ ಯಾವ ಕಾಗದಕ್ಕೂ ಸಹಿ ಇಲ್ಲ ಎಂದರು. ತೋಟವನ್ನು ಸಾಲು ಎಣಿಸಿ ಹಂಚಬಹುದು, ಮನೆಗೆ ನಡುಗೋಡೆ ಹಾಕಬಹುದು, ಕೋವಿಯನ್ನು ಹಿಸ್ಸೆ ಮಾಡಲು ಬರುವುದಿಲ್ಲ. ಯಜಮಾನರು ಬದುಕಿದ್ದಾಗಲೇ ಇದನ್ನು ಸರಿಪಡಿಸಲು ದಾರಿಯಿತ್ತು ಎನ್ನುವುದು ರಾಯರ ಕೊರಗು. 2016ರ ನಿಯಮಗಳ 25ನೇ ನಿಯಮದಂತೆ ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಆತ 25 ವರ್ಷ ಕೋವಿ ಇರಿಸಿಕೊಂಡಿದ್ದರೆ, ತಾನೇ ವಾರಸುದಾರನನ್ನು ಸೂಚಿಸಿ ವರ್ಗಾಯಿಸಬಹುದು. ಇದನ್ನು ಗಿರಾಕಿಗಳಿಗೆ ಹೇಳುವ ಜಾಗವೆಂದರೆ ಈ ಅಂಗಡಿಯ ಬೆಂಚು. ಬೆಂಚಿಗೆ ಬರುವುದು ನಿಂತ ಮೇಲೆ ಹೇಳುವುದೂ ನಿಂತಿತು. ಕಾವಲಿಗೆ ತಿಂಗಳ ಬಾಡಿಗೆ ಗೊತ್ತುಮಾಡಿದ್ದಾರೆ, ಅದು ಕೊಡುವವರಿಂದ ಬರುತ್ತದೆ. ಈ ಬೆಲ್ಜಿಯಂ ಕೋವಿಯ ಬಾಡಿಗೆ ಆಗಿನ್ನೂ ಬಂದಿರಲಿಲ್ಲ. ಆದರೂ ಆಯುಧಪೂಜೆಗೆ ಎಲ್ಲದರ ಜೊತೆ ಅದಕ್ಕೂ ಎಣ್ಣೆ ಸವರಿ ಕುಂಕುಮ ಇಡುತ್ತಾರೆ.

ದುರಸ್ತಿಯ ಕೆಲಸ ಬೇಗನೆ ಹೇಳಿ ಮುಗಿಸಬಹುದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಆಚಾರಿ ಇದ್ದರು. ಸ್ಪ್ರಿಂಗು ಕಾಸುವುದು, ಹಿಡಿ ಕೆತ್ತುವುದು, ತೋಟಾದ ಬುಡಕ್ಕೆ ಬಡಿಯುವ ಸೂಜಿ ತಿದ್ದುವುದು ಅವರಿಗೆ ಬರುತ್ತಿತ್ತು. ಅವರ ಮಗ ಕಾರಿನ ಗ್ಯಾರೇಜಿಗೆ ಹೋದ. ಕೋಣೆಯಲ್ಲಿ ಈಗ ರಟ್ಟಿನ ಪೆಟ್ಟಿಗೆಗಳಿವೆ.

ಆ ಪೆಟ್ಟಿಗೆಗಳಲ್ಲಿ ಇರುವುದು ಏರ್‌ಗನ್. ಮಾರಾಟ ಎಂಬ ಮಾತಿಗೆ ಅಂಗಡಿಯಲ್ಲಿ ಇವತ್ತು ಅರ್ಥವಿರುವುದು ಅದರಿಂದ ಮಾತ್ರ. 4.5 ಮಿಲಿಮೀಟರಿಗಿಂತ, ಅಂದರೆ .177 ಅಂಗುಲಕ್ಕಿಂತ ದಪ್ಪವಲ್ಲದ, 20 ಜೂಲಿಗಿಂತ ಹೆಚ್ಚು ಶಕ್ತಿಯಿಲ್ಲದ ಗಾಳಿಕೋವಿಗೆ ಪರವಾನಗಿ ಬೇಡ. ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡರೆ ಸಾಕು. ಮಂಗನಿಗೆ ಹೊಡೆಯಲು ಎಂದು ಕೇಳಿದವರಿಗೆ ರಾಯರು ಕೊಡುವುದಿಲ್ಲ. ಅದು ಊರಿಗೆಲ್ಲ ಗೊತ್ತಾಗಿ, ಈಗ ಬರುವವರೆಲ್ಲ "ಮಗ ಗುರಿ ಕಲೀಲಿ ಅಂತ" ಎನ್ನುತ್ತಾರೆ. ಅವರಲ್ಲಿ ಕೆಲವರಿಗೆ ಮಕ್ಕಳಿಲ್ಲ ಎಂಬುದು ರಾಯರಿಗೆ ಗೊತ್ತು. ನಿಜವಾಗಿ ಗುರಿ ಕಲಿಯುವ ಕಾಲೇಜು ಹುಡುಗ-ಹುಡುಗಿಯರೂ ಬರುತ್ತಾರೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ .177ರ ಹತ್ತು ಮೀಟರ್ ಸ್ಪರ್ಧೆಯಲ್ಲಿ. ಅವರು ಒಂದು ಡಬ್ಬಿ ಪೆಲೆಟ್ ಒಯ್ದು, ಮುಂದಿನ ಡಬ್ಬಿಯನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿಕೊಳ್ಳುತ್ತಾರೆ. ಸದ್ದಿಗಾಗಿ ಕೋವಿ ಬಯಸುತ್ತಿದ್ದವರು ಬೇರೆ ದಾರಿ ಹಿಡಿದಿದ್ದಾರೆ. ಹಂದಿಗೆ ಐಬೆಕ್ಸ್ ಎಂಬ ವಿದ್ಯುತ್ ಬೇಲಿ, ಮಂಗಕ್ಕೆ ಪಿವಿಸಿ ಪೈಪಿನ ಕಾರ್ಬೈಡ್ ಗನ್. ಕಾರ್ಬೈಡಿನ ಮೇಲೆ ನೀರು ಬಿದ್ದು ಹುಟ್ಟುವ ಅನಿಲಕ್ಕೆ ಲೈಟರಿನ ಕಿಡಿ ತಾಗಿಸಿದರೆ ಗುಡ್ಡಕ್ಕೆ ಗುಡ್ಡವೇ ಮಾರ್ದನಿಸುತ್ತದೆ. ಅದಕ್ಕೆ ಪರವಾನಗಿಯಿಲ್ಲ, ಠೇವಣಿಯಿಲ್ಲ, ಕೆಲಸ ಮಾಡದಿದ್ದಾಗ ಪೈಪಿನೊಳಗೆ ಇಣುಕಬೇಡ ಎಂದು ಹೇಳುವ ಅಂಗಡಿಯವನೂ ಇಲ್ಲ. 2025ರ ದೀಪಾವಳಿಯಲ್ಲಿ ಭೋಪಾಲ್ ಸುತ್ತಮುತ್ತ ಅದೇ ಪೈಪಿನಿಂದ ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡ ಸುದ್ದಿ ಓದಿ ರಾಯರು ಪತ್ರಿಕೆಯ ಆ ತುಂಡನ್ನು ಜಾಲರಿಗೆ ಸಿಕ್ಕಿಸಿದ್ದಾರೆ.

ಕಾನೂನು ಬಿಗಿಯಾದದ್ದೇ ಎಲ್ಲಕ್ಕೂ ಕಾರಣ ಎಂದು ಬೆಂಚಿನ ಮೇಲೆ ಕೂತ ಹಿರಿಯರು ಹೇಳುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಲಾಗಿದೆ. ಅಂಥ ವಿನಾಯಿತಿ ಇಲ್ಲಿಗೆ ನಾಳೆ ಬಂದರೂ ಈ ಅಂಗಡಿ ಚೇತರಿಸಿಕೊಳ್ಳುವುದೆಂದು ನನಗೆ ಅನ್ನಿಸುವುದಿಲ್ಲ. ಕೋವಿಗೆ ಬೇಕಾದದ್ದು ರಾತ್ರಿ ಎದ್ದು ಗದ್ದೆಯ ಅಂಚಿಗೆ ಹೋಗುವ ಒಬ್ಬ ಮನುಷ್ಯ. ಒಂಟಿಮನೆಗಳಲ್ಲಿ ಉಳಿದಿರುವುದು ಎಪ್ಪತ್ತು ದಾಟಿದ ಗಂಡಹೆಂಡಿರು. ನಕ್ಸಲ್ ಓಡಾಟದ ವರ್ಷಗಳಲ್ಲಿ ಯಾರಾದರೂ ಬಂದು ಕೇಳಿದರೆ ಎಂಬ ಭಯಕ್ಕೆ ಕೋವಿಯನ್ನು ಪೇಟೆಗೆ ಸಾಗಿಸಿದ್ದ ಮನೆಗಳಿದ್ದವು. ಆ ಭಯ ಹೋದ ಮೇಲೂ ಕೋವಿ ಮನೆಗೆ ಮರಳಲಿಲ್ಲ, ಹೆಗಲಿಗೆ ಹಾಕಿಕೊಳ್ಳಬೇಕಾದವರು ಅಷ್ಟರಲ್ಲಿ ಬೆಂಗಳೂರಿನಲ್ಲಿದ್ದರು.

ತಮ್ಮ ಪರವಾನಗಿಯ ಈಗಿನ ಅವಧಿ ಮುಗಿದ ಮೇಲೆ ಮುಂದುವರಿಸುವುದಿಲ್ಲವೆಂದು ರಾಯರು ನಿರ್ಧರಿಸಿದ್ದಾರೆ. ಆದರೆ ಬಾಗಿಲು ಹಾಕುವುದು ಕಿರಾಣಿ ಅಂಗಡಿಯಷ್ಟು ಸುಲಭವಲ್ಲ. ಚೀಟಿ ಕಟ್ಟಿದ ಪ್ರತಿಯೊಂದು ಕೋವಿಯನ್ನೂ ಅದರ ಯಜಮಾನನಿಗೋ ವಾರಸುದಾರನಿಗೋ ಇನ್ನೊಬ್ಬ ವ್ಯಾಪಾರಿಗೋ ಠಾಣೆಗೋ ಒಪ್ಪಿಸಿ, ಪುಸ್ತಕದ ಪ್ರತಿ ಸಾಲಿಗೂ ಕೊನೆಯ ಕಾಲಮು ತುಂಬಿಸಬೇಕು. ಚೀಟಿಗಳಲ್ಲಿದ್ದ ವಿಳಾಸಗಳಿಗೆಲ್ಲ ರಿಜಿಸ್ಟರ್ಡ್ ಪತ್ರ ಹಾಕಿದರು. ಕೆಲವರು ಬಂದರು. ಕೆಲವು ಪತ್ರಗಳು "ವಿಳಾಸದಾರರು ಇಲ್ಲ" ಎಂಬ ಷರಾದೊಡನೆ ವಾಪಸಾದವು. ಅವನ್ನು ಆಯಾ ಕೋವಿಯ ಹಿಂದೆ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.

ನಾನು ಕೊನೆಯ ಸಲ ಹೋದ ದಿನ ಬೆಂಗಳೂರಿನಿಂದ ಒಬ್ಬ ಯುವಕ ಬಂದಿದ್ದ, ಬೆಲ್ಜಿಯಂ ಕೋವಿಯ ಯಜಮಾನರ ಮೊಮ್ಮಗ. ಚಿಕ್ಕಪ್ಪ ಇನ್ನೂ ಸಹಿ ಹಾಕಿಲ್ಲವೆಂದ. ರಾಯರು ನಳಿಗೆ ಕಳಚಿ ಬೆರಳಿಗೆ ಸಿಕ್ಕಿಸಿ ತಟ್ಟಿ ತೋರಿಸಿದರು. ಹುಡುಗ ಇನ್ನೊಂದು ಸಲ ತಟ್ಟಲು ಹೇಳಿ ಫೋನಿನಲ್ಲಿ ಆ ಸದ್ದನ್ನು ಹಿಡಿದುಕೊಂಡ, ಬಾಕಿಯಿದ್ದ ಬಾಡಿಗೆಯ ಲೆಕ್ಕ ಕೇಳಿ ಅಲ್ಲೇ ಕಳಿಸಿದ. ಅವನು ಮೆಟ್ಟಿಲಿಳಿದ ಮೇಲೆ ರಾಯರು ಸವೆದಿದ್ದ ಹಳೆಯ ಚೀಟಿ ಬಿಚ್ಚಿ, ಹೊಸ ರಟ್ಟಿನ ಮೇಲೆ ಅದೇ ಹೆಸರು, ಅದೇ ಊರು, ಅದೇ ಸಂಖ್ಯೆ ಬರೆದು, ಬಾಡಿಗೆ ಸಂದ ತಾರೀಕು ಸೇರಿಸಿ, ದಾರ ಬಿಗಿದು ಕೋವಿಯನ್ನು ಅದರ ಜಾಗಕ್ಕೆ ನಿಲ್ಲಿಸಿದರು.